ಕೋಟಿನ ಭುಜದ ಮೇಲಿನ ಗೆರೆ

ಮಾರ್ಚ್ 4

ಎಡಗೈ ಪುಟ, ಇಪ್ಪತ್ತಾರನೆಯದು. ದಿನಕ್ಕೊಂದು ಪುಟ ಬರೆದರೆ ಬೆರಳು ಪಳಗುತ್ತವಂತೆ — ಫಿಸಿಯೋ ಹುಡುಗಿಯ ಅಪ್ಪಣೆ. ಏನು ಬರೆಯಲಿ ಎಂದರೆ, "ಏನಾದ್ರೂ ಬರೀರಿ ಆಂಟಿ, ಯಾರು ಓದ್ತಾರೆ" ಎಂದಳು. ಸರಿ. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದ ಬಲಗೈ ಪಕ್ಕದಲ್ಲೇ ಬಿದ್ದುಕೊಂಡಿದೆ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ.

ಅಂಗಡಿಯ ಶಟರ್ ಮಣಿಕಟ್ಟಿನ ಮೇಲೆ ಬಿದ್ದು ಎಂಟು ತಿಂಗಳು. ನರ ಹೋಯಿತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು... ಚಮಚವೇ ನಿಲ್ಲುವುದಿಲ್ಲ, ಸೂಜಿಯ ಮಾತು ಬೇಡ. ಅಂಗಡಿಯಲ್ಲಿ ಆರು ಹೊಲಿಗೆ ಮಷಿನ್ ಮುಸುಕು ಹೊದ್ದು ಕೂತಿವೆ. ಅವನ್ನು ಕೊಳ್ಳಲು ಮಾಡಿದ ಸಾಲದ ಕಂತು ಮಾತ್ರ ಒಂದು ತಿಂಗಳೂ ರಜೆ ಹಾಕಲಿಲ್ಲ. ಕಟ್ಟುವವಳು ನಾಲ್ಕು ತಿಂಗಳಿಂದ ಕಟ್ಟಿಲ್ಲ.

ಮಾರ್ಚ್ 6

ವಕೀಲೆಯನ್ನು ಕಂಡೆ. ಫೀಸು ಕೇಳದ ವಕೀಲೆ. ಅದಕ್ಕೇ ಬಾಯಿ ಮುಚ್ಚಿಕೊಂಡು ಎರಡು ಗಂಟೆ ಬೆಂಚಿನ ಮೇಲೆ ಕಾದೆ.

"ಅಂಗವಿಕಲರ ಪಿಂಚಣಿ ಸಿಕ್ಕಿದ್ರೆ ಕಂತು ಶುರು ಮಾಡ್ಬಹುದು, ಬ್ಯಾಂಕು ಸುಮ್ಮನಾಗುತ್ತೆ. ಬ್ಯಾಂಕು ಮೇ ಕೊನೇವರೆಗೆ ಟೈಮ್ ಕೊಟ್ಟಿದೆ. ಸಿಗಲಿಲ್ವಾ, ದಿವಾಳಿ ಅರ್ಜಿ ಹಾಕಿಬಿಡಿ. ಮಷಿನ್ ಹೋಗುತ್ತೆ, ನಿಮ್ಮ ತಲೆ ಮೇಲಿನ ಸಾಲಾನೂ ಹೋಗುತ್ತೆ."

"ಜಾಮೀನು ನಿಂತವರ ಗತಿ?"

"ಯಾರು ನಿಂತಿದ್ದು?"

"ನನ್ನ ತಂಗಿ. ಸ್ಕೂಲ್ ಟೀಚರ್."

ಪೆನ್ನು ಕೆಳಗಿಟ್ಟರು. "ನಿಮ್ಮನ್ನ ಬಿಟ್ಟು ಅವರನ್ನ ಹಿಡ್ಕೊಳ್ತಾರೆ. ಸಂಬಳದಲ್ಲೇ ಮುರ್ಕೊಳ್ತಾರೆ."

ಭಲೇ ನ್ಯಾಯ! ಶಟರ್ ಬಿದ್ದದ್ದು ನನ್ನ ಮೇಲೆ. ದಂಡ ತೆರಬೇಕಾದವಳು ಅಕ್ಕನನ್ನು ನಂಬಿ ಸಹಿ ಹಾಕಿದವಳು. ಇಲ್ಲ, ಅರ್ಜಿ ಹಾಕುವುದಿಲ್ಲ. ತಂಗಿಗೆ ಹೇಳುವುದೂ ಇಲ್ಲ. ಪಿಂಚಣಿ ಬಂದೇ ಬರುತ್ತದೆ. ಬರದೆ ಏನು? ಕೈ ಎದುರಿಗೇ ಇದೆಯಲ್ಲ, ನೋಡಿಕೊಳ್ಳಲಿ.

ಮಾರ್ಚ್ 7

ಅತ್ತೆಗೆ ಹೇಗೋ ವಾಸನೆ ಹತ್ತಿದೆ. ಎಂಬತ್ತೆರಡು ವಯಸ್ಸು, ಬೇಡದ್ದು ಕೇಳಿಸುವುದಿಲ್ಲ, ಬೇಕಾದ್ದು ಗೋಡೆಯಾಚೆಗಿದ್ದರೂ ಕೇಳಿಸುತ್ತದೆ.

"ದಿವಾಳಿ ಅಂದ್ರೆ ಪೇಪರಲ್ಲಿ ಹಾಕ್ತಾರಾ?"

"ಹಾಕ್ತಾರಂತೆ ಅತ್ತೆ."

"ಫೋಟೋ ಸಮೇತಾನಾ?"

"ಫೋಟೋ ಇಲ್ಲ."

"ಹಂಗಾದ್ರೆ ಯಾರಿಗೆ ಗೊತ್ತಾಗುತ್ತೆ ಬಿಡು. ನಿನ್ನ ಗಂಡ ಹೋದಾಗ್ಲೂ ಹಾಕಿಸಿದ್ವಿ. ಯಾರು ಓದಿದ್ರು?"

ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. 'ದಿವಾಳಿ ಎದ್ದವಳು' — ನಾವೇ ಎಷ್ಟು ಜನರಿಗೆ ಅಂದಿಲ್ಲ ಆ ಮಾತು, ಕಟಿಂಗ್ ಟೇಬಲ್ ಸುತ್ತ ನಿಂತು, ನಗುತ್ತಾ.

ಮಾರ್ಚ್ 19, ಸಂಜೆ

ತಲೆ ಚಚ್ಚಿಕೊಳ್ಳಬೇಕು. ಪೆದ್ದಿ ನಾನು, ಶುದ್ಧ ಪೆದ್ದಿ.

ಇವತ್ತು ಪಿಂಚಣಿಗೆ ಕೈ ಪರೀಕ್ಷೆ. ಡಾಕ್ಟರು ಒಳ್ಳೆಯ ಮಾತಿನ ಮನುಷ್ಯ. ಬೆರಳು ಎಳೆದು ನೋಡಿದರು, ಚುಚ್ಚಿ ನೋಡಿದರು, ಏನೋ ಗುರುತು ಹಾಕಿಕೊಂಡರು. ಅಷ್ಟಕ್ಕೇ ಎದ್ದು ಬಂದಿದ್ದರೆ! ಆದರೆ ಆತನ ಕೋಟು... ಬೂದುಬಣ್ಣದ ಕೋಟು. ಬಲಭುಜ ಇಳಿಬಿದ್ದಿದೆ, ಕಾಲರ್ ಕತ್ತು ಬಿಟ್ಟು ಎದ್ದು ನಿಂತಿದೆ. ಯಾವ ಪುಣ್ಯಾತ್ಮ ಹೊಲಿದನೋ. ಅಷ್ಟು ಹೊತ್ತೂ ಕಣ್ಣು ಅಲ್ಲೇ. ಆತ ಫೈಲಿಗೆಂದು ಎದ್ದು ಬೆನ್ನು ತಿರುಗಿಸಿದ್ದೇ ತಡ, ನಾನೂ ಎದ್ದಿದ್ದೆ! ಎಡಗೈಯಲ್ಲಿ ಭುಜ ಎಳೆದು ಕೂರಿಸಿದೆ, ಬಲ ಮೊಣಕೈಯಿಂದ ಬೆನ್ನಿಗೆ ಒತ್ತಿ ಹಿಡಿದೆ, ಚೀಲದ ಸೀಮೆಸುಣ್ಣ ತೆಗೆದು ಗೆರೆ ಎಳೆದೆ. "ಅರ್ಧ ಇಂಚು ಒಳಗೆ ಹಿಡಿಸಿ ಸಾರ್" ಎಂದು ಬೇರೆ ಹೇಳಿದೆ. ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದ ಕೆಲಸ. ಯೋಚನೆ ಮಾಡಿ ಮಾಡಿದ್ದಲ್ಲ.

"ಪರವಾಗಿಲ್ವೇ, ಕೈ ಚೆನ್ನಾಗೇ ಓಡುತ್ತಲ್ಲಮ್ಮಾ!" ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ಮಾತಿನ ಅರ್ಥ ಹೊಳೆಯಿತು.

ಏಪ್ರಿಲ್ 16

ಬಂತು. 'ಕೈಚಲನೆ ತೃಪ್ತಿಕರ. ಸ್ವಂತ ಕಸುಬು ಮುಂದುವರಿಸಲು ಶಕ್ತರು. ಪಿಂಚಣಿ ನಿರಾಕರಿಸಲಾಗಿದೆ.'

ತೃಪ್ತಿಕರವಂತೆ! ಯಾರಿಗೆ ತೃಪ್ತಿ? ಬೆಳಿಗ್ಗೆ ಎದ್ದರೆ ಹುಕ್ ಹಾಕಿಕೊಳ್ಳಲು ಎಂಬತ್ತೆರಡರ ಅತ್ತೆ ಬೇಕು. ಗೆರೆ ಎಳೆದದ್ದು ಎಡಗೈ ಮಾರಾಯ, ಎಡಗೈ! ಓದಿದವನಿಗೆ ಎಡಬಲ ಗೊತ್ತಾಗಲಿಲ್ಲವೇ? ಗೆರೆ ಎಳೆದವರೆಲ್ಲ ಟೈಲರ್ ಆದರೆ ಶಾಲೆಯ ಮಕ್ಕಳೆಲ್ಲ ಅಂಗಡಿ ತೆರೆಯಲಿ.

ಪೆನ್ನು ಒತ್ತಿ ಹಾಳೆ ಹರಿಯಿತು.

ಏಪ್ರಿಲ್ 17

ಬರೆಯುವುದಿಲ್ಲ.

ಮೇ 9

ತಂಗಿ ಬಂದಳು. ಕೈಯಲ್ಲಿ ಬ್ಯಾಂಕಿನ ನೋಟಿಸು. ಚಪ್ಪಲಿ ಬಿಡುವುದಕ್ಕೂ ಮುಂಚೆ ಶುರು.

"ಎಲ್ಲ ಗೊತ್ತಿದ್ದೂ ಮುಚ್ಚಿಟ್ಯಲ್ಲ ಅಕ್ಕಾ. ಹೆಡ್‌ಮಿಸ್ ಎದುರಿಗೆ ಓದಿದೆ ಇದನ್ನ. ಹೇಗಾಗಿರ್ಬೇಡ ನನಗೆ?"

"ನಿನಗೆ ತೊಂದ್ರೆ ಆಗಬಾರ್ದು ಅಂತ..."

"ಹೇಳದೆ ಇರೋದೇ ತೊಂದ್ರೆ!"

ಅತ್ತೆ ಕಾಫಿ ಹಿಡಿದು ಬಂದವರು ಹಾಗೇ ವಾಪಸ್ಸು ಹೋದರು. ಅರ್ಧ ಗಂಟೆ ಬೈದಳು. ಚಿಕ್ಕಂದಿನಿಂದ ಅವಳನ್ನು ಬೈದದ್ದೆಲ್ಲ ಬಡ್ಡಿ ಸಮೇತ ವಸೂಲಾಯಿತು. ಆಮೇಲೆ ನನ್ನ ಬಲಗೈ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ನೀವಿದಳು. ಅವಳಿಗೆ ಗೊತ್ತಾಗದ ಹಾಗೆ ಕಣ್ಣಲ್ಲೇ ನೋಡುತ್ತಿದ್ದೆ; ನೀವಿದ್ದು ಆ ಬೆರಳುಗಳಿಗೆ ಗೊತ್ತಾಗುವುದಿಲ್ಲವಲ್ಲ.

"ನೀನು ಅರ್ಜಿ ಹಾಕಿದ್ರೂ ನನ್ನ ಹತ್ರ ಬರ್ತಾರೆ, ಹಾಕದೇ ಇದ್ರೂ ಬರ್ತಾರೆ. ಇಬ್ರೂ ಯಾಕೆ ಮುಳುಗ್ಬೇಕು? ಹಾಕು. ನಾನು ಸಂಬಳದಲ್ಲಿ ತೀರಿಸ್ತೀನಿ."

"ನಿನ್ನ ಮಗಳ ಕಾಲೇಜು?"

ಅತ್ತೆ ಮತ್ತೆ ತಂದಿಟ್ಟ ಆರಿದ ಕಾಫಿ ಕುಡಿದು ಹೋದಳು.

ಮೇ 20, ಮಧ್ಯಾಹ್ನ

ಕೋರ್ಟ್ ಕೌಂಟರ್. ಬೆಳಿಗ್ಗೆ ಅರ್ಜಿಗೆ ಎಡಗೈಯಲ್ಲಿ ಸಹಿ ಹಾಕಿ ಹೋಗಿದ್ದೆ. ಗುಮಾಸ್ತ ಕನ್ನಡಕ ಏರಿಸಿದ.

"ಬ್ಯಾಂಕ್ ಪೇಪರಲ್ಲಿರೋ ಸಹಿಗೂ ಇದಕ್ಕೂ ತಾಳೆ ಆಗ್ತಿಲ್ಲ."

"ಅದು ಬಲಗೈದು, ಇದು ಎಡಗೈದು."

"ಬಲಗೈಯಲ್ಲೇ ಹಾಕಿ."

ಬೆರಳಿನ ಸಂದಿಗೆ ಪೆನ್ನು ಸಿಕ್ಕಿಸಿದೆ. ಬಿತ್ತು. ಮತ್ತೆ ಸಿಕ್ಕಿಸಿದೆ. ಉರುಳಿ ಅವನ ಕುರ್ಚಿಯ ಕೆಳಗೆ. ಬಗ್ಗಿ ಎತ್ತಿಕೊಟ್ಟ.

"ಆಗಲ್ವಾ ಅಮ್ಮಾ?"

"ಸರ್ಕಾರಿ ಡಾಕ್ಟರು ಆಗುತ್ತೆ ಅಂತ ಬರ್ದುಕೊಟ್ಟಿದ್ದಾರೆ. ನೀವು ಆಗಲ್ಲ ಅಂತೀರಿ. ನೀವು ನೀವೇ ಮೊದ್ಲು ಒಂದು ತೀರ್ಮಾನಕ್ಕೆ ಬನ್ನಿ!"

ಇಡೀ ಕ್ಯೂ ತಿರುಗಿ ನೋಡಿತು. ನೋಡಲಿ.

"ನನ್ನ ಮೇಲೆ ಯಾಕೆ ರೇಗ್ತೀರಿ? ಬಲಗೈಯಲ್ಲಿ ಪೆನ್ನು ಹಿಡಿಯೋಕಾಗಲ್ಲ ಅಂತ ನಾನು ಷರಾ ಬರೀಬೇಕು, ನಿಮ್ಮ ಎಡಗೈ ಹೆಬ್ಬೆಟ್ಟು ತಗೋಬೇಕು. ರೂಲ್ಸು."

ಸೀಲು ಹೊಡೆದ ಷರಾ! ಪಿಂಚಣಿಯವರ ಮುಂದೆ ಹಿಡಿಯಬಹುದಲ್ಲ. ಹೇಳಿದೆ — "ಬರೀರಿ. ಸೀಲ್ ಹೊಡೀರಿ. ನನಗೊಂದು ಕಾಪಿ ಕೊಡಿ. ಅರ್ಜಿ ಇವತ್ತು ಬೇಡ, ವಾಪಸ್ ಕೊಡಿ."

ಪಾಪ, ದುಂಡಗೆ ಬರೆದುಕೊಟ್ಟ. 'ನನ್ನ ಸಮ್ಮುಖದಲ್ಲಿ ಎರಡು ಬಾರಿ ಪ್ರಯತ್ನಿಸಿದರೂ ಬಲಗೈಯಲ್ಲಿ ಲೇಖನಿ ಹಿಡಿಯಲು ಅಸಮರ್ಥರು.' ಎಂಟು ತಿಂಗಳಿಂದ, ಅಲ್ಲ, ಈಗ ಹತ್ತೂವರೆ ತಿಂಗಳಿಂದ ನಾನು ಬಾಯಿ ಬಡಿದುಕೊಂಡದ್ದೇ ಅದು.

ಮೇ 21

ವಕೀಲೆ ಷರಾ ಓದಿ ಮೇಜು ಗುದ್ದಿದರು. ಮೇಲ್ಮನವಿ. ಮರುಪರೀಕ್ಷೆ 29ಕ್ಕೆ. ಅದೇ ಆಸ್ಪತ್ರೆ. ಅದೇ ಡಾಕ್ಟರು, ಜೊತೆಗೆ ಇನ್ನೊಬ್ಬರು.

ಮೇ 29, ಬೆಳಿಗ್ಗೆ 10.40, ಆಸ್ಪತ್ರೆಯ ಕಾರಿಡಾರ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಟೋಕನ್ 14. ಒಳಗೆ 13.

ಚೀಲದಲ್ಲಿ ಷರಾ. ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ ದಿವಾಳಿ ಅರ್ಜಿ. ಇವರು ಇವತ್ತೂ 'ತೃಪ್ತಿಕರ' ಎಂದರೆ, ಐದು ಗಂಟೆಯೊಳಗೆ ಅದು ಕೌಂಟರ್ ಸೇರುತ್ತದೆ. ರಾತ್ರಿ ತಂಗಿಗೂ ಹೇಳಿದೆ. "ಹೂಂ ಅಕ್ಕಾ" ಎಂದಳು, ಅಷ್ಟೇ. ಪೇಪರಲ್ಲಿ ಹಾಕಲಿ. ಬೇಕಾದರೆ ಫೋಟೋನೂ ಹಾಕಲಿ. ಕೈ ಹೋದದ್ದಕ್ಕೆ ನಾನೇಕೆ ನಾಚಬೇಕು? ತಂಗಿಯ ಮಗಳ ಕಾಲೇಜು ಒಂದು ಗೆರೆಗೆ ಹೋದರೆ, ಅದೊಂದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಡಾಕ್ಟರು ಹೊರಗೆ ಬಂದು ಈಗಷ್ಟೇ ಮತ್ತೆ ಒಳಗೆ ಹೋದರು. ಅದೇ ಬೂದು ಕೋಟು. ಅಯ್ಯೋ ದೇವರೇ — ನನ್ನ ಸೀಮೆಸುಣ್ಣದ ಗೆರೆ ಇನ್ನೂ ಇದೆ! ಎರಡು ತಿಂಗಳಲ್ಲಿ ಒಂದು ಸಲ ಒಗೆಸಿಲ್ಲ ಮಹಾನುಭಾವ. ಎಷ್ಟು ಸೊಟ್ಟ ಗೆರೆ! ಇದನ್ನು ಎಳೆದದ್ದು ಕೆಲಸ ಬಲ್ಲ ಕೈಯಲ್ಲ ಎಂದು ನನ್ನ ಅಂಗಡಿಯ ಗುಂಡಿ ಹಚ್ಚುವ ಹುಡುಗಿಯೂ ಹೇಳುತ್ತಿದ್ದಳು.

ಕಾಲರ್ ಈಗಲೂ ಎದ್ದೇ ನಿಂತಿದೆ. ಎಡಗೈ ಆಗಲೇ ಚಡಪಡಿಸುತ್ತಿದೆ. ಸೀಮೆಸುಣ್ಣ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಒಳಗೆ ಹೋಗಿ ಎಡಗೈಯನ್ನು ತೊಡೆಯ ಕೆಳಗಿಟ್ಟು ಕೂರುತ್ತೇನೆ. ಕೋಟು ಹರಿದು ಬೀಳಲಿ, ಮುಟ್ಟುವುದಿಲ್ಲ.

ಹದಿನಾಲ್ಕು ಎಂದರು. ಮುಟ್ಟುವುದಿಲ್ಲ. ಮುಟ್ಟು