ಮೂರನೇ ಡಿಸ್ಕಿನ ಕೇಬಲ್

ಮಾರ್ಚ್ 14, ಗುರುವಾರ

ಮೂರನೇ ಡಿಸ್ಕ್ ಕೆಟ್ಟಿರಲಿಲ್ಲ. ಅದರ ಕೇಬಲ್ ಕೆಟ್ಟಿತ್ತು. ಇದನ್ನು ಪತ್ತೆ ಮಾಡಿದವನು ನನ್ನ ತಮ್ಮ. ಅವನನ್ನು ಕರೆಸಿದವಳು ನನ್ನ ಹೆಂಡತಿ, ನನಗೆ ಒಂದು ಮಾತೂ ಹೇಳದೆ.

ಮನೆಯ ಫೋಟೋಗಳೆಲ್ಲ ಇರುವ ಈ ಸರ್ವರ್ ಜೋಡಿಸಿದವನು ನಾನು. ಮೂರನೇ ಡಿಸ್ಕ್ ಸರ್ವರಿನ ಪಟ್ಟಿಯಿಂದ ಪದೇಪದೇ ಕಾಣೆಯಾದಾಗ ಹೊಸದನ್ನು ತಂದು ಹಾಕಿದೆ. ಅದೂ ಕಾಣೆಯಾದಾಗ ಅಂಗಡಿಯವನೊಂದಿಗೆ ಜಗಳವಾಡಿ ಬಂದೆ. ತಮ್ಮ ಮಾಡಿದ್ದಿಷ್ಟೇ: ಎರಡನೇ ಮತ್ತು ಮೂರನೇ ಡಿಸ್ಕುಗಳ ಜಾಗ ಅದಲುಬದಲು ಮಾಡಿದ. ಕಾಯಿಲೆ ಡಿಸ್ಕಿನ ಜೊತೆ ಹೋಗಲಿಲ್ಲ, ಮೂರನೇ ಜಾಗದಲ್ಲೇ ಉಳಿಯಿತು.

“ಅಣ್ಣಾ, ಡಿಸ್ಕ್ ಗುಂಡುಕಲ್ಲಿನ ಹಾಗಿದೆ ಕಣೋ. ಪಾಪ, ಅಂಗಡಿಯವನಿಗೆ ಸುಮ್ನೆ ಬೈದೆ!”

“ಸದ್ಯ, ನೀನು ಬಂದೆಯಲ್ಲಪ್ಪ,” ಎಂದಳು ಇವಳು. “ನಿಮ್ಮಣ್ಣ ಒಂದು ವಾರದಿಂದ ಆ ಡಬ್ಬಿ ಮುಂದೆ ತಪಸ್ಸಿಗೆ ಕೂತಿದ್ರು.”

ಮಗಳೂ ನಕ್ಕಳು. ಹೋಗುವಾಗ ಅವನು ನನ್ನ ಸ್ಕ್ರೂಡ್ರೈವರನ್ನೂ ಜೇಬಿಗೆ ಹಾಕಿಕೊಂಡು ಹೋದ.

ಹೊಸ ಕೇಬಲ್ ಹಾಕಿದರೂ ಡಿಸ್ಕ್ ಮತ್ತೊಮ್ಮೆ ಕಾಣೆಯಾಗಿರಬಹುದೇ ಎಂದು ಆಮೇಲೆ ಎಷ್ಟೋ ಸಲ ಎದ್ದು ಹೋಗಿ ನೋಡಿದೆ. ಆಗಿರಲಿ ಎಂದೇ ನೋಡಿದೆ. ಮೂರನೇ ಡಿಸ್ಕಿಗೆ ಮಾಹಿತಿ ಮತ್ತೆ ತುಂಬುತ್ತಿರುವ ಈ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಮಗಳ ಮೊದಲ ಹೆಜ್ಜೆಯ ವಿಡಿಯೋ ಕೂಡ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ನೋಡಿದೆ. ಅದರ ಹಸಿರು ದೀಪ ನೆಮ್ಮದಿಯಾಗಿ ಮಿನುಗುತ್ತಿದೆ. ಹೊಟ್ಟೆ ಉರಿಯುತ್ತಿರುವುದು ನನಗೆ ಮಾತ್ರ.

ತುಂಬುವ ಕೆಲಸ ಬೆಳಿಗ್ಗೆ ಮುಗಿಯುತ್ತದೆ. ಆ ಸುದ್ದಿಯನ್ನು ತಾನೇ ತಮ್ಮನಿಗೆ ಫೋನ್ ಮಾಡಿ ತಿಳಿಸುತ್ತೇನೆ ಎಂದಿದ್ದಾಳೆ ಇವಳು. ಅವಳು ಏಳುವ ಮೊದಲು ನಾನೇ ಫೋನ್ ಮಾಡುತ್ತೇನೆ.