ಎಳೆಗೆ ಅಡ್ಡವಾಗಿ

ಕತ್ತರಿಸುವ ಮೇಜಿನಿಂದ,
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನದ ಬಿಡುವು

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ಮೊಣಕಾಲು ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಪಕ್ಕಕ್ಕೆ ತಿರುಗಿಯೇ ಇಳಿಯುತ್ತೀರಾ? ಕಣ್ಣಿನ ಹನಿ ಮುಗಿದಿರಬೇಕು. ಅದರ ಚೀಟಿ ನಮ್ಮ ಫ್ರಿಜ್ಜಿನ ಮೇಲೆಯೇ ಉಳಿದುಬಿಟ್ಟಿತ್ತು, ಇದರ ಜೊತೆ ಇಟ್ಟಿದ್ದೇನೆ. ನಾವು ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಜ್ವರ ಇಲ್ಲ, ಕೆಮ್ಮು ಇಲ್ಲ, ನಿಮ್ಮ ಮೊಮ್ಮಗಳು ಚೂಟಿ ಶಾಲೆಗೆ ಹೋಗುತ್ತಾಳೆ, ನಾನು ಕೆಲಸಕ್ಕೆ ಹೋಗುತ್ತೇನೆ. ನಿಮ್ಮ ಮಗಳು ಹೋಗಿ ಏಳು ತಿಂಗಳಾಯಿತು, ನನಗೆ ಇನ್ನೂ ಅಳು ಬಂದಿಲ್ಲ. ಕೈ ಕೆಲಸ ಮಾಡುತ್ತದೆ, ಕಾಲು ಮನೆಗೆ ಕರೆದುಕೊಂಡು ಬರುತ್ತದೆ, ನಡುವೆ ಇರುವವನಿಗೆ ಏನೂ ಅನ್ನಿಸುವುದಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅಂಗಿಯ ಅಳತೆ ಬರೆಯುವ ಕಂದು ಹಾಳೆ ಇದು, ಬೇರೆ ಸಿಗಲಿಲ್ಲ, ತಪ್ಪು ತಿಳಿಯಬೇಡಿ.

ನೀವು ಹೊರಟು ಆರು ವಾರವಾಯಿತು. ಏಕೆ ಹೊರಟಿರಿ ಎಂದು ನಮ್ಮಿಬ್ಬರಿಗೂ ಗೊತ್ತು, ಆದರೂ ಬರೆದುಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವ ತ್ರಾಣ ನನಗಿಲ್ಲ. ಅವಳು ತೀರಿಕೊಂಡ ವಾರವೇ ಗಂಟುಮೂಟೆ ಕಟ್ಟಿಕೊಂಡು ಬಂದು, ಐದೂವರೆ ತಿಂಗಳು ನಮ್ಮಿಬ್ಬರಿಗೂ ಬೇಯಿಸಿ ಹಾಕಿದಿರಿ. ಹೆತ್ತ ಮಗಳನ್ನು ಕಳೆದುಕೊಂಡವರು ನೀವು, ಸಮಾಧಾನ ಮಾಡಬೇಕಾದವನು ನಾನು, ಆದದ್ದು ಉಲ್ಟಾ. ಅವತ್ತು ಸಂಜೆ ನೀವು ಮಾಂಸ ಹುರಿಯುತ್ತಿದ್ದಿರಿ. ನಾನು ನೀರು ಕುಡಿಯಲು ಬಂದವನು ಬಾಣಲೆಯ ಕಡೆ ನೋಡಿ 'ಈ ಎಣ್ಣೇನೇ ಅತ್ತೆ ಅವಳನ್ನ ತಿಂದಿದ್ದು' ಅಂದುಬಿಟ್ಟೆ. ದನಿ ಏರಿಸಿಯೂ ಅಲ್ಲ, ತರಕಾರಿಯವನು ದರ ಹೇಳುವ ಹಾಗೆ. ನೀವು ಒಲೆ ಆರಿಸಿದಿರಿ. 'ಹಾಗಾದ್ರೆ ನನ್ನ ಕೈ ಊಟ ಇನ್ನು ಬೇಡ ಬಿಡಿ ನಿಮಗೆ' ಅಂದಿರಿ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ನಿಮ್ಮ ಚೀಲ ಎತ್ತಿಕೊಟ್ಟೆ. ಇರಿ ಅನ್ನಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚೂಟಿಗೆ ಕಾಪಿ ಬರೆಸಿದವನು ನಾನೇ.

ಕೋಪ ಎಷ್ಟಿದ್ದರೂ ನಾವು ಏನು ತಿನ್ನುತ್ತಿದ್ದೇವೆ ಎಂಬ ಚಿಂತೆ ನಿಮಗೆ ಇದ್ದೇ ಇರುತ್ತದೆ. ಸಲಾಡ್ ತಿನ್ನುತ್ತಿದ್ದೇವೆ ಅತ್ತೆ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ರಾತ್ರಿ ಊಟಕ್ಕೆ ಅದೇ. ನೀವು ನಗುತ್ತೀರಿ, ಹಸಿ ಸೊಪ್ಪು ಮೇಯೋಕೆ ನಾವೇನು ಮೇಕೆಗಳಾ ಅನ್ನುತ್ತೀರಿ. ಕಾರ್ಖಾನೆಯಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿದರು, ನನ್ನದರಲ್ಲಿ ಕೊಬ್ಬು ಹೆಚ್ಚಿದೆಯಂತೆ. ಪಥ್ಯ ಹೇಳುವ ಹೆಂಗಸು ಚೀಟಿ ಬರೆದುಕೊಟ್ಟಳು: ತಟ್ಟೆಯ ಅರ್ಧ ಹಸಿ ತರಕಾರಿ, ಅದರ ಮೇಲೆ ಅಂಗೈಯಷ್ಟು ಮಾಂಸ, ಎಣ್ಣೆ ಒಂದೇ ಚಮಚ. ಆದರೆ ನಿಜ ಹೇಳುತ್ತೇನೆ, ಆ ಚೀಟಿ ಒಂದು ನೆಪ. ನಾನು ಆಡಿದ ಮಾತು ಸರಿ ಎಂದು ಸಾಧಿಸಬೇಕಿತ್ತು ನನಗೆ. ಒಂದೊಂದು ಚಮಚ ಎಣ್ಣೆ ಅಳೆದು ಹಾಕುವಾಗಲೂ ನಿಮ್ಮ ಮೇಲೆ ಸಾಕ್ಷಿ ಹೇಳಿದ ಹಾಗೆ ಇರುತ್ತಿತ್ತು. ಎಂಥ ಮನುಷ್ಯ ನೋಡಿ.

ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗದವನು ಸಲಾಡ್ ಮಾಡಿದರೆ ಏನಾಗಬೇಕೋ ಅದೇ ಆಯಿತು. ಮೊದಲ ದಿನ ಎಲೆ ತೊಳೆದವನು ಒರೆಸಲಿಲ್ಲ, ತಟ್ಟೆಯ ತಳದಲ್ಲಿ ಕೆರೆ. ಎರಡನೇ ದಿನ ಬಾಣಲೆಯಿಂದ ಇಳಿಸಿದ ಬಿಸಿ ಕೋಳಿಯನ್ನು ಹಾಗೇ ಎಲೆಯ ಮೇಲೆ ಸುರಿದೆ, ಎಲೆಗಳೆಲ್ಲ ಬಾಡಿ ಒದ್ದೆ ಬಟ್ಟೆ ಆದವು. ಕ್ಯಾರೆಟ್ಟು, ಸೌತೆಕಾಯಿಗೆ ಮಾತ್ರ ನನ್ನ ಬಟ್ಟೆ ಕತ್ತರಿಸುವ ಕೈ ಬಿದ್ದಿತು. ಒಂದೊಂದೂ ಎರಡಿಂಚು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಚೂಟಿ ತಟ್ಟೆ ನೋಡಿ 'ಅಪ್ಪಾ, ಇದಕ್ಕೆ ಗುಂಡಿ ಯಾವಾಗ ಹೊಲೀತೀಯ' ಅಂದಳು. ನಿಮ್ಮದೇ ನಾಲಿಗೆ ಅವಳಿಗೆ. ಆದರೆ ಮಾಂಸ ಮಾತ್ರ ನುಂಗಲು ಆಗುತ್ತಿರಲಿಲ್ಲ. ಮೂರು ವಾರ ಆ ಮಗು ನಾರು ಅಗಿದ ಹಾಗೆ ಅಗಿಯಿತು. ತಿಂದು ಮುಗಿಸಿ, ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಹಲ್ಲಿನ ಸಂದಿಯಿಂದ ಎಳೆ ಕಿತ್ತುಕೊಳ್ಳುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ ಅಪ್ಪನ ಮನಸ್ಸು ನೋಯಬಾರದು ಅಂತ.

ನಾನು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೊದಲು ಚಾಕುವನ್ನು ಬೈದೆ, ಆಮೇಲೆ ಒಲೆಯನ್ನು, ಆಮೇಲೆ ಕೋಳಿ ಅಂಗಡಿಯವನನ್ನು. ಮುದಿ ಕೋಳಿ ಕೊಡ್ತೀಯಾ ಎಂದು ಜಗಳಕ್ಕೇ ನಿಂತೆ. ಅವನು ಸಿಟ್ಟು ಮಾಡಿಕೊಳ್ಳದೆ, ಬೇಯಿಸಿದ ತುಂಡು ಒಂದು ತಗೊಂಡು ಬಾ ಮಾಸ್ಟರೇ ಅಂದ. ಮಾರನೇ ದಿನ ಡಬ್ಬಿಯಲ್ಲಿ ಒಯ್ದೆ. ಕತ್ತರಿಸಿ ತೋರಿಸು ಅಂದ. ನಾನು ಇಪ್ಪತ್ತೆರಡು ವರ್ಷದಿಂದ ಕತ್ತರಿಸುವ ಹಾಗೆ ಕತ್ತರಿಸಿದೆ, ಎಳೆ ಹೇಗೆ ಓಡಿದೆ ಎಂದು ಬೆರಳಿನಿಂದ ಸವರಿ ನೋಡಿ, ಅದರ ಜೊತೆಗೇ ಉದ್ದಕ್ಕೆ. ಅವನು ಹಣೆ ಚಚ್ಚಿಕೊಂಡ. 'ಅಯ್ಯೋ, ಅಂಗಿ ಹೊಲೀತೀಯೋ ಊಟ ಮಾಡ್ತೀಯೋ? ಎಳೆಗೆ ಅಡ್ಡ ಕೊಯ್ಯೋ ಮಹಾರಾಯ' ಅಂದ. ಬಟ್ಟೆಯಲ್ಲಿ ಎಳೆ ಬಿಟ್ಟು ಕತ್ತರಿಸಿದರೆ ಮೊದಲ ಒಗೆತಕ್ಕೇ ಅಂಗಿ ತಿರುಚಿಕೊಳ್ಳುತ್ತದೆ. ಕೆಲಸ ಕಲಿಯಲು ಬಂದ ಎಷ್ಟು ಜನರಿಗೆ ಇದೇ ಮಾತು ಹೇಳಿ ಬೆರಳಿಗೆ ಸ್ಕೇಲಿನಿಂದ ಹೊಡೆದಿದ್ದೇನೋ. ಮಾಂಸದಲ್ಲಿ ಅದೇ ತಪ್ಪು. ಉದ್ದ ಎಳೆ ಉಳಿದರೆ ಹಲ್ಲಿಗೆ ಹಗ್ಗ, ಅಡ್ಡ ಕೊಯ್ದರೆ ಮೆತ್ತಗೆ. ನನಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ ನಾನು ತಪ್ಪು ಮಾಡಿದ್ದೆ, ಊರವರನ್ನೆಲ್ಲ ಬೈದಿದ್ದೆ. ಅಂಗಡಿಯ ಮುಂದೆ ನಿಂತಾಗ ನಿಮ್ಮ ಮುಖ ನೆನಪಾಯಿತು.

ಈಗ ಹೇಗೆ ಮಾಡುತ್ತೇನೆ ಎಂದರೆ, ಮೂಳೆ ಇಲ್ಲದ ಕೋಳಿಗೆ ಬೆಳಿಗ್ಗೆಯೇ ಉಪ್ಪು, ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ ಸವರಿ ಫ್ರಿಜ್ಜಿನಲ್ಲಿಟ್ಟು ಬರುತ್ತೇನೆ. ಸಂಜೆ ಮನೆಗೆ ಬಂದವನೇ ಎಲೆ ತೊಳೆದು ಹಳೆಯ ಟವೆಲಿನಲ್ಲಿ ಸುತ್ತಿಡುತ್ತೇನೆ. ದಪ್ಪ ಬಾಣಲೆಗೆ ಒಂದು ಚಮಚ ಎಣ್ಣೆ, ಒಂದೊಂದು ಮಗ್ಗುಲು ಆರು ನಿಮಿಷ, ಮುಟ್ಟುವ ಹಾಗಿಲ್ಲ. ಒಳಗೆ ಕೆಂಪು ಉಳಿದಿಲ್ಲ ಎಂದು ನೋಡಿ ಇಳಿಸಿ, ಹತ್ತು ನಿಮಿಷ ಹಲಗೆಯ ಮೇಲೆ ಸುಮ್ಮನೆ ಬಿಡಬೇಕು, ಅವಸರ ಮಾಡಿದರೆ ರಸವೆಲ್ಲ ಹಲಗೆಯ ಪಾಲು. ಅಷ್ಟರಲ್ಲಿ ಚೂಟಿ ಮುಚ್ಚಳದ ಬಾಟಲಿಯಲ್ಲಿ ಮೊಸರು, ನಿಂಬೆರಸ, ಚೂರು ಸಾಸಿವೆ ಪುಡಿ, ಉಪ್ಪು ಹಾಕಿ ಕುಲುಕುತ್ತಾಳೆ. ಬೆಂದ ಕಡಲೆ ಒಂದು ಹಿಡಿ ಬಿದ್ದರೆ ಹೊಟ್ಟೆ ತುಂಬುತ್ತದೆ, ಇಲ್ಲದಿದ್ದರೆ ಎಂಟು ಗಂಟೆಗೇ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಾಳೆ. ಬಾಟಲಿಯದನ್ನು ತಟ್ಟೆಗೆ ಹಾಕುವುದು ತಿನ್ನುವ ಹೊತ್ತಿಗೆ, ಮೊದಲೇ ಹಾಕಿದರೆ ಎಲೆ ಸೋತುಹೋಗುತ್ತದೆ. ಅರ್ಧ ಗಂಟೆಯ ಕೆಲಸ, ತೊಳೆಯಲು ಒಂದು ಬಾಣಲೆ. ರುಚಿ ಇದೆ ಎಂದು ಚೂಟಿ ಹೇಳುತ್ತಾಳೆ. ನನಗೆ ಉಪ್ಪು ಮಾತ್ರ ತಿಳಿಯುತ್ತದೆ.

ನಿನ್ನೆ ಅವಳು ಎರಡನೇ ಸಲ ಹಾಕಿಸಿಕೊಂಡು ತಿಂದಳು. ತಿನ್ನುತ್ತಾ ತಿನ್ನುತ್ತಾ 'ಅಜ್ಜಿ ನನ್ನ ಮೇಲೂ ಕೋಪ ಮಾಡ್ಕೊಂಡಿದಾರಾ' ಎಂದು ಕೇಳಿದಳು. ನಾನು ಇಲ್ಲಮ್ಮಾ ಅಂದೆ. ಮತ್ತೆ ಯಾಕೆ ಹೋದರು ಅಂದಳು. ನನ್ನ ತಟ್ಟೆ ತೆಗೆದುಕೊಂಡು ಎದ್ದುಬಿಟ್ಟೆ. ಅವಳಿಗೆ ಹೇಳಬೇಕಾದ ಉತ್ತರ ಮೊದಲು ನಿಮಗೆ ಹೇಳಬೇಕು ಅನ್ನಿಸಿತು. ಅತ್ತೆ, ನಿಮ್ಮ ಕೈ ಊಟಕ್ಕೂ ನಿಮ್ಮ ಮಗಳ ಸಾವಿಗೂ ಸಂಬಂಧ ಇಲ್ಲ. ನಾನು ಆಡಿದ್ದು ಸುಳ್ಳು, ಆಡುವಾಗಲೂ ಸುಳ್ಳೆಂದು ಗೊತ್ತಿತ್ತು. ಅದನ್ನು ಹೊಟ್ಟೆಗೆ ಹಾಕಿಕೊಂಡು ಬನ್ನಿ ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಮೊಣಕಾಲಿಗೆ ಬಿಸಿ ಶಾಖ ಕೊಡುವುದನ್ನು ನಿಲ್ಲಿಸಬೇಡಿ. ಮೇಲಿನ ಮನೆಯ ಅಜ್ಜನಿಗೂ ನಿಮ್ಮ ಹರಟೆ ಬಳಗಕ್ಕೂ ನಮ್ಮ ನೆನಪು ತಿಳಿಸಿ. ಚೂಟಿ ನಿಮಗೆ ಮುತ್ತು ಕಳಿಸಿದ್ದಾಳೆ, ಕಣ್ಣಿನ ಹನಿಯ ಚೀಟಿಯ ಹಿಂದೆ ಗೀಚಿರುವುದು ಅದೇ ಅಂತೆ.

ನಿಮ್ಮ ಆಶೀರ್ವಾದ ಬೇಡುವ,
ಅಳಿಯ

ಇನ್ನೊಂದು ಮಾತು, ಗಂಟೆ ಹೊಡೆಯುವುದರೊಳಗೆ ಬರೆದುಬಿಡುತ್ತೇನೆ. ನಿಮ್ಮ ಮಗಳು ಸಂಜೆ ಆರಕ್ಕೆ ಇದ್ದಕ್ಕಿದ್ದ ಹಾಗೆ ಕುಸಿದಳು ಎಂದು ನಿಮಗೆ ಹೇಳಿದ್ದೆ. ಇದ್ದಕ್ಕಿದ್ದ ಹಾಗೆ ಅಲ್ಲ. ಮೂರು ಗಂಟೆಗೇ ನನಗೆ ಫೋನ್ ಮಾಡಿದ್ದಳು. ಎದೆ ಹಿಡಿದ ಹಾಗಿದೆ, ಬೆವರ್ತಾ ಇದೀನಿ, ಬರ್ತೀರಾ ಅಂದಳು. ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿತ್ತು, ಕತ್ತರಿಸುವ ಯಂತ್ರ ಕೈಯಲ್ಲಿತ್ತು. ನಿಮ್ಮಮ್ಮ ಕಳಿಸಿದ್ದನ್ನ ಜಾಸ್ತಿ ತಿಂದಿರ್ತೀಯ, ಗ್ಯಾಸು, ಬಿಸಿನೀರು ಕುಡಿದು ಮಲಗು ಅಂದೆ. ಸರಿ ಅಂತ ಫೋನಿಟ್ಟಳು. ನಾನು ತಿರುಗಿ ಮಾಡಲಿಲ್ಲ. ಎರಡು ಗಂಟೆಯಷ್ಟು ಮೊದಲು ಕರೆತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದರು. ಇದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ಓದಿದ ಮೇಲೆ ನನ್ನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡಿ, ಬಾಗಿಲು ಹಾಕಿಕೊಳ್ಳಿ, ನಾನು ಏನೂ ಅನ್ನುವುದಿಲ್ಲ. ಆದರೆ ದಿನಾ ಸಂಜೆ ಏಳಕ್ಕೆ ನನ್ನ ನಂಬರಿನಿಂದ ನಿಮಗೆ ಬರುವ ಫೋನು ಮಾಡುತ್ತಿರುವುದು ನಾನಲ್ಲ, ಚೂಟಿ. ದಯವಿಟ್ಟು ಎತ್ತಿ.