ಅಪ್ಪ ನಿದ್ದೆಹೋದ ದಿನ

ಸೋಮವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಗದದ ಕಾರ್ಖಾನೆಯಲ್ಲಿ ಭಾರೀ ಸುರುಳಿ ಉರುಳಿಬಿದ್ದು ಅಪ್ಪನ ಬೆನ್ನು ಜಖಂ ಆದಾಗ ಅಲ್ಲಿನ ಡಾಕ್ಟರು ನೋವಿನ ಮಾತ್ರೆಯನ್ನು ಧಾರಾಳವಾಗಿ ಬರೆದುಕೊಟ್ಟರು. ಆಗ ಎಲ್ಲರಿಗೂ ಹಾಗೇ ಕೊಡುತ್ತಿದ್ದರು. ಕೈ ಮುರಿದವರು, ಸೊಂಟ ಹಿಡಿದವರು, ಯಾರ ಜೇಬು ತಡಕಿದರೂ ಅದೇ ಮಾತ್ರೆ. ನುಂಗಿದರೆ ಪಾಳಿ ಮುಗಿಸಬಹುದು, ಅಷ್ಟೇ. ಆಮೇಲೆ ಬಂದ ಹೊಸ ಡಾಕ್ಟರು ಮಾತ್ರ, "ನೋವಿಗಿಂತ ಈ ಮಾತ್ರೇನೇ ನಿಮ್ಮನ್ನ ಜಾಸ್ತಿ ಹಿಡ್ಕೊಂಡಿದೆ" ಎಂದು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿಸಿದರು. ಅಪ್ಪ ಬೆವತರು, ನಡುಗಿದರು, ಕಂಡಕಂಡದ್ದಕ್ಕೆಲ್ಲ ಸಿಡುಕಿದರು. ಆದರೂ ಬಿಟ್ಟರು. ಉಳಿದ ಮಾತ್ರೆಗಳನ್ನು ನನ್ನ ಕೈಗೆ ಕೊಟ್ಟು, "ನಾನು ಕೇಳಿದ್ರೂ ಕೊಡಬೇಡ" ಅಂದರು. ಬಿಸಾಡಿದೆ ಎಂದು ಹೇಳಿದೆ. ಬಿಸಾಡಿರಲಿಲ್ಲ.

ನೀನು ಮಗುವನ್ನು ನಮ್ಮಲ್ಲಿ ಬಿಟ್ಟುಹೋದೆಯಲ್ಲ, ಆ ದಿನ ಬೆಳಗ್ಗೆಯಿಂದಲೇ ಅವರ ಮುಖ ಗಂಟಿಕ್ಕಿತ್ತು. ಟೀಗೆ ಸಕ್ಕರೆ ಹೆಚ್ಚಾಯಿತೆಂದು ನನ್ನ ಮೇಲೆ ಹಾರಿಬಿದ್ದರು. ಮಗುವಿನ ಮುಂದೆ ರಗಳೆ ಬೇಡ, ಒಂದು ದಿನವಾದರೂ ಮನೆ ತಣ್ಣಗಿರಲಿ ಅನ್ನಿಸಿತು. ಅವರ ನೋವು ನೋಡಲಾರದೆ ಹಾಗೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಾಕಾಗಿಹೋಗಿತ್ತು. ಎರಡು ಮಾತ್ರೆ ಪುಡಿಮಾಡಿ ಟೀಗೆ ಬೆರೆಸಿ ಕೊಟ್ಟು, ಸಾಮಾನು ತರಲು ಹೋದೆ.

ವಾಪಸ್ ಬರುವಷ್ಟರಲ್ಲಿ ಬಾಗಿಲು ಹಾರುಹೊಡೆದಿತ್ತು. ಅಪ್ಪನಿಗೆ ಕುರ್ಚಿಯಲ್ಲೇ ಮೈಮರೆತ ನಿದ್ದೆ. ಮಗುವನ್ನು ನಡುರಸ್ತೆಯಿಂದ ಎತ್ತಿಕೊಂಡು ಬಂದ ಲಾರಿ ಡ್ರೈವರ್ ಗೇಟಿನ ಹತ್ತಿರ ನಿಂತು, "ಬ್ರೇಕ್ ಹಿಡೀತು, ಅದಕ್ಕೇ ಮಗು ಉಳೀತು" ಎನ್ನುತ್ತಿದ್ದ.

"ಮತ್ತೆ ಶುರು ಮಾಡಿದ್ಯಾ ಅಪ್ಪಾ?" ಎಂದು ನೀನು ಬಂದವಳೇ ಕೇಳಿದೆ. ಅವರು ಇಲ್ಲ ಅಂದರು. ನೀನು ನಂಬಲಿಲ್ಲ. ನೀನು ಹೋದ ಮೇಲೆ ಅವರಿಗೇ ತಮ್ಮ ಮೇಲೆ ನಂಬಿಕೆ ಉಳಿಯಲಿಲ್ಲ. "ಗೊತ್ತಿಲ್ದೇ ನುಂಗಿಬಿಟ್ನೇನೋ" ಎನ್ನುತ್ತಾ ಅಂಗಿಯ ಜೇಬು, ದಿಂಬಿನಡಿ ಎಲ್ಲ ಹುಡುಕಿದರು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ.

ಅವರ ಮೇಲಿನ ಕೋಪವನ್ನು ನನ್ನ ಮೇಲೆ ಹಾಕು ಮಗಳೇ. ಮಗುವನ್ನು ಅವರಿಗೆ ತೋರಿಸು. ಆ ಹೊತ್ತಿಗೆ ನಾನು ಮನೆಯಲ್ಲಿ ಇರಬಾರದು ಅಂದರೆ ಎಲ್ಲಾದರೂ ಹೋಗಿರುತ್ತೇನೆ.

ನಿನ್ನ ಮುಖ ನೋಡಲು ಹಿಂಜರಿಯುವ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಾನು ಮಾತ್ರೆ ನಿಜವಾಗ್ಲೂ ಬಿಟ್ಟಿದ್ದೆ, ಅಲ್ವಾ?"